ಸುಡಬೇಕಾದ ಭತ್ತ

ಎಲೆಕ್ಟ್ರಾನಿಕ್ ಸಿಟಿ ಹತ್ತಿರದ ನಮ್ಮ ಲ್ಯಾಬಿನಲ್ಲಿ ಭತ್ತದ ಜೀನ್ ಬದಲಿಸಿ ಅಕ್ಕಿಯಲ್ಲಿ ಕಬ್ಬಿಣದ ಅಂಶ ಹೆಚ್ಚಿಸುವ ಪ್ರಯೋಗ ನಡೆಯುತ್ತಿತ್ತು. ಅದು ಮುಗಿದ ಮೇಲೆ ಒಂದು ಕಾಳೂ ಹೊರಗೆ ಹೋಗದಂತೆ ಪೈರನ್ನೆಲ್ಲ ಸುಡಬೇಕೆಂಬುದು ನಿಯಮ. ಗಿಡಗಳಿಗೆ ನೀರು ಹಾಕಿ ಬೆಳೆಸಿದ್ದ ರಾಯಚೂರಿನ ಯಲ್ಲಮ್ಮನಿಗೇ ಆ ಕೆಲಸ ಹೇಳಿದೆ.

"ಬೆಳದ ಅನ್ನಾನ ಸುಡ್ತಾರೇನ್ರಿ ಸರ? ಏನಾಗೇತ್ರಿ ಇದಕ್ಕ?"

"ಏನೂ ಆಗಿಲ್ಲಮ್ಮ. ರಕ್ತ ಕಮ್ಮಿ ಇರೋ ಹೆಂಗಸರಿಗೆ ಅಂತ ಮಾಡ್ತಿರೋ ಅಕ್ಕಿ. ಇನ್ನೂ ಪರೀಕ್ಷೆ ಆಗ್ಬೇಕು, ಈಗ ತಿನ್ನೋ ಹಾಗಿಲ್ಲ."

"ನನಗೂ ರಕ್ತ ಕಮ್ಮಿ ಐತಂತ ಡಾಕ್ಟರ್ ಹೇಳ್ಯಾರ್ರಿ. ಒಂದು ಹಿಡಿ ಕೊಡ್ರಿ."

ಕೊಡೋಕಾಗಲ್ಲ ಎಂದೆ. ಆಕೆ ಚಪ್ಪಲಿ ಬಿಟ್ಟು, ತೆನೆಗಳನ್ನು ಕಣ್ಣಿಗೊತ್ತಿಕೊಂಡು ಬೆಂಕಿಗೆ ಹಾಕಿದಳು.

ಆಮೇಲೆ ತುಂಬಿದ ಫಾರಂನಲ್ಲಿ 'ಯಾರಾದರೂ ತಿಂದಿದ್ದಾರೆಯೇ?' ಎಂಬ ಪ್ರಶ್ನೆಯಿತ್ತು. 'ಇಲ್ಲ' ಎಂದು ಬರೆದೆ. ನಿಜವನ್ನೇ ಬರೆದೂ ನಾನು ನಾಚಿದ್ದು ಅದೊಂದೇ ಸಲ.