ವೆನಿಸ್ಸಿಗೆ ನೆರೆ ಬಂದ ಭಾನುವಾರ

ಪಿಟೀಲಿನ ಹಿಂದೆ ಕರಕರ ಸದ್ದು, ಅದರ ಮೇಲೆ ಮೂಗಿನಲ್ಲಿ ಇಂಗ್ಲಿಷ್ ಮಾತಾಡುವ ಗಂಡಸಿನ ದನಿ. ಲಾಕ್‌ಡೌನಿನ ಒಂದು ಮಧ್ಯಾಹ್ನ ಪರದೇಶದಲ್ಲಿ, ಲೂಕನ್ ಎಂಬ ಊರಿನ ನಮ್ಮ ಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕುತ್ತಿದ್ದಾಗ ವೆನಿಸ್ ನಗರದ ಆ ಹಳೆಯ ಸಾಕ್ಷ್ಯಚಿತ್ರ ಸಿಕ್ಕಿತು. ತೆರೆಯ ಮೇಲೆ ಕಪ್ಪು-ಬಿಳುಪು ದೋಣಿಗಳು. ನನ್ನ ಮೂಗಿಗೆ ಮಾತ್ರ ಉಡುಪಿ ಬಸ್‌ಸ್ಟ್ಯಾಂಡಿನ ಹಿಂದಿದ್ದ ನಮ್ಮ ಬಾಡಿಗೆ ಮನೆಯ ಕುಚ್ಚಲಕ್ಕಿ ಗಂಜಿಯ ಘಮ. ಆ ಮನೆಯನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟಿ ಯಾವ ಕಾಲವಾಯಿತೋ.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದು ಅಪ್ಪನ ಅಕ್ಕ, ಪದ್ದತ್ತೆ. ಒಂದು ಭಾನುವಾರ ಟಿವಿಯಲ್ಲಿ ಈ ಚಿತ್ರ ಬಂದಾಗ ಅವಳು ಬಸಳೆ ಸೋಸುತ್ತಿದ್ದಳು. ಹೊಸ್ತಿಲವರೆಗೆ ನೀರು ನಿಂತ ಬೀದಿ ಕಂಡದ್ದೇ ತಡ, "ಅಯ್ಯೋ ರಾಮ, ಇಡೀ ಊರಿಗೆ ನೆರೆ ಬಂದಿದೆ ಮಾರಾಯ್ತಿ! ಇವಕ್ಕೆ ಹೆದರಿಕೆಯೇ ಇಲ್ವಾ, ಪಿಟೀಲು ಬಾರಿಸ್ತಾ ಕೂತಿದಾವಲ್ಲ!" ಎಂದಳು. ಮಳೆಗಾಲಕ್ಕೆ ಹೊಳೆ ಉಕ್ಕುವ ಊರಿನವಳು, ಬೇರೇನು ಅಂದಾಳು? ಅಪ್ಪ ಎಷ್ಟು ಬಿಡಿಸಿ ಹೇಳಿದರೂ ಒಪ್ಪಲಿಲ್ಲ. ಮುಸ್ಸಂಜೆ ದೀಪ ಹಚ್ಚುವಾಗ ಆ ಊರಿನ ಮಕ್ಕಳನ್ನೂ ಸೇರಿಸಿಕೊಂಡು ಕೈಮುಗಿದಳು. ನಗಬೇಡಿ. ಕಂಡುಕೇಳರಿಯದ ಊರಿನವರಿಗಾಗಿ ಹಾಗೆ ಕೈಮುಗಿದವರನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ನಾನು ಚಿತ್ರ ನೋಡುತ್ತಿದ್ದ ಆ ಮಧ್ಯಾಹ್ನ ಅತ್ತೆ ಉಡುಪಿಯ ಆಸ್ಪತ್ರೆಯೊಂದರ ಕೋವಿಡ್ ವಾರ್ಡಿನಲ್ಲಿದ್ದಳು. ಅಪ್ಪ ಹೋಗಿ ವರ್ಷಗಳಾಗಿದ್ದವು. ಅವಳಿಗೆ ಅಂತ ಇದ್ದದ್ದು ನಾನೊಬ್ಬಳೇ. ಹೇಗಾದರೂ ಹೋಗಿ ಅವಳ ಕೈ ಹಿಡಿದು ಕೂರಬೇಕು, ಬೇರೇನೂ ಬೇಡವಾಗಿತ್ತು ನನಗೆ. ಆದರೆ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ, ಇನ್ನು ಉಡುಪಿಯ ಮಾತೆಲ್ಲಿ? ತೆಗೆದ ಟಿಕೆಟೂ ಕ್ಯಾನ್ಸಲ್ ಆಗಿತ್ತು. ಹೋದರೂ ವಾರ್ಡಿನೊಳಗೆ ಯಾರು ಬಿಡುತ್ತಿದ್ದರು!

ಮರುದಿನ ಬೆಳಿಗ್ಗೆ ಪುಣ್ಯಾತ್ಗಿತ್ತಿ ನರ್ಸೊಬ್ಬಳು ವಿಡಿಯೊ ಕಾಲ್ ಮಾಡಿ ಫೋನನ್ನು ಅತ್ತೆಯ ಮುಖದ ಹತ್ತಿರ ಹಿಡಿದಳು.

"ಅತ್ತೇ, ನಾನು. ಕೇಳಿಸ್ತದಾ?"

ಕಣ್ಣು ಬಿಟ್ಟಳು. ಆಕ್ಸಿಜನ್ ಮಾಸ್ಕಿನೊಳಗಿಂದ, "ಬಾಯಿ ಒಣಗ್ತದೆ ಮಗಾ" ಎಂದಳು.

"ಈಗ ಮಾಸ್ಕ್ ತೆಗಿಲಿಕ್ಕೆ ಆಗುದಿಲ್ಲ ಅಜ್ಜಿ, ಆಮೇಲೆ ಕೊಡ್ತೇನೆ" ಅಂದಳು ನರ್ಸು. ಕಾಲ್ ಕಟ್ಟಾಯಿತು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು "ಶೀಲ್ ಬಿ ಗ್ರ್ಯಾಂಡ್, ಅಮ್ಮಾ" ಎಂದು, ಅಜ್ಜಿಗೆ ಏನೂ ಆಗುವುದಿಲ್ಲ ಅನ್ನುವುದನ್ನು ಇಲ್ಲಿಯವರ ಇಂಗ್ಲಿಷಿನಲ್ಲಿ ಹೇಳಿ, ನನ್ನ ಬೆನ್ನು ಸವರಿದಳು.

ಮಧ್ಯಾಹ್ನದೊಳಗೆ ಅತ್ತೆ ಹೋಗಿಬಿಟ್ಟಳು. ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅವರೇ ಸುಟ್ಟರು. ಜೀವ ಹೋಗುವ ಹೊತ್ತಿಗೆ ಬಾಯಿಗೆ ನೀರು ಬಿಡುವುದು ನಮ್ಮಲ್ಲಿ ಮಕ್ಕಳ ಪಾಲಿನ ಕೆಲಸ. ನಾನು ಚಿಕ್ಕವಳೆಂದು ಅಮ್ಮನ ಬಾಯಿಗೆ ನನ್ನ ಬದಲು ನೀರು ಬಿಟ್ಟವಳು ಅತ್ತೆ. ಅವಳ ಬಾಯಿಗೆ ಯಾರೂ ಬಿಡಲಿಲ್ಲ.