ನರ್ಸಮ್ಮನ ಅಂಗೈ

ಯಾರನ್ನೇ ಮುಟ್ಟುವ ಮೊದಲು ಚಿಕ್ಕತಾಯಮ್ಮನವರು ತಮ್ಮ ಎರಡೂ ಅಂಗೈಗಳನ್ನು ಗಸಗಸ ಉಜ್ಜಿಕೊಳ್ಳುತ್ತಿದ್ದರು. ಬೇಸಿಗೆಯಾದರೂ ಅಷ್ಟೇ, ಮಳೆಗಾಲವಾದರೂ ಅಷ್ಟೇ. ಆ ಸದ್ದು ಕೇಳಿದರೆ ಸಾಕು, ನಮ್ಮೂರಿನ ಮಕ್ಕಳು ಸೂಜಿ ಬಂತೆಂದು ಮಂಚದ ಕೆಳಗೆ ನುಸುಳುತ್ತಿದ್ದವು. ನಾನೂ ನುಸುಳಿದವಳೇ. ಸ್ವಲ್ಪ ದೊಡ್ಡವಳಾದ ಮೇಲೆ, ಯಾಕೆ ಹೀಗೆ ಉಜ್ಜುತ್ತೀರಿ ಎಂದು ಕೇಳಿದ್ದೆ. "ತಣ್ಣನ್ ಕೈಲಿ ಕೆಚ್ಚಲು ಮುಟ್ಟಿದ್ರೆ ಹಸ ಒದೀತದೆ. ಮನ್ಸನೂ ಒಳಗೊಳಗೇ ಒದೀತಾನೆ ಕಣವ್ವ, ನಮಗ್ ಕಾಣಾಕಿಲ್ಲ ಅಷ್ಟೆ," ಅಂದಿದ್ದರು.

ಹನಗೋಡಿನ ಆಚೆಗಿರುವ ನಮ್ಮೂರಿನ ಆರೋಗ್ಯ ಉಪಕೇಂದ್ರಕ್ಕೆ ಅವರು ಬಂದದ್ದು ನಾನು ಹುಟ್ಟುವ ಮೊದಲು. ಸ್ವಂತ ಊರು ಬೆಟ್ಟದಪುರ. ಊರಿಗೆಲ್ಲ ಅವರು ನರ್ಸಮ್ಮ. ಹೆಸರು ಗೊತ್ತಿದ್ದವರು ಕಡಿಮೆ. ಗಿಡ್ಡ ಆಳು, ಸ್ಕೂಟರಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹಾಗಾಗಿ ಗಾಡಿ ನಿಲ್ಲಿಸಬೇಕಾದಾಗಲೆಲ್ಲ ಕಾಲೂರಲು ಯಾರದಾದರೂ ಜಗಲಿ ಹುಡುಕುತ್ತಿದ್ದರು. ಬಾಯಿ ಜೋರು. ಮಾತ್ರೆ ನುಂಗದೆ ಕದ್ದು ಬಿಸಾಡಿದ ಬಸುರಿಯರಿಗೆ ನಡುಬೀದಿಯಲ್ಲೇ ಮಂಗಳಾರತಿ ಆಗುತ್ತಿತ್ತು.

ನನಗೆ ಅವರ ಹುಚ್ಚು ಹಿಡಿದದ್ದು ನಾನು ಮೊದಲ ಪಿಯುಸಿ ಓದುವಾಗ. ಹೊಗೆಸೊಪ್ಪು ಮುರಿಯುವ ಕಾಲ. ಅಣ್ಣನ ಮದುವೆಯಾಗಿ ಮೂರು ವರ್ಷವಾಗಿತ್ತು, ಅತ್ತಿಗೆಗೆ ಮಕ್ಕಳಾಗಿರಲಿಲ್ಲ. ಒಂದು ಬೆಳಿಗ್ಗೆ ಅತ್ತಿಗೆ ಹೊಲದಿಂದ ತೂರಾಡುತ್ತ ಬಂದು ಹಿತ್ತಲಲ್ಲಿ ವಾಂತಿ ಮಾಡಿಕೊಂಡಳು. ಅವ್ವ ಹಿಂದೆಮುಂದೆ ನೋಡಲಿಲ್ಲ. ದೇವರಿಗೆ ದೀಪ ಹಚ್ಚಿದಳು, ಅಕ್ಕಪಕ್ಕದ ಮನೆಗೆ ಸಕ್ಕರೆ ಹಂಚಿದಳು, ಕರೆಸಿದ್ದ ನರ್ಸಮ್ಮನ ಕೈಗೂ ಒಂದು ಹಿಡಿ ಹಾಕಿದಳು. "ವಿಸೇಸ ಕಣ್ರೀ ನರ್ಸಮ್ಮ!"

ನರ್ಸಮ್ಮ ಸಕ್ಕರೆಯನ್ನು ಎಡಗೈಯಲ್ಲೇ ಹಿಡಿದುಕೊಂಡು ಅತ್ತಿಗೆಯ ಬೆರಳುಗಳನ್ನು ನೋಡಿದರು. ಸೊಪ್ಪಿನ ಅಂಟು ಹತ್ತಿ ಕಪ್ಪಾಗಿದ್ದವು. ಸೀರೆ ಸೊಂಟದವರೆಗೆ ನೆನೆದಿತ್ತು.

"ಬೆಳಿಗ್ಗೆ ಇಬ್ಬನೀಲಿ ಸೊಪ್ಪು ಮುರುದ್ಯಾ?"

ಅತ್ತಿಗೆ ತಲೆಯಾಡಿಸಿದಳು. ಕಿಟ್‌ನಲ್ಲಿ ಪರೀಕ್ಷೆ ಮಾಡಿದರು, ಒಂದೇ ಗೆರೆ ಬಂತು, ಬಸಿರಲ್ಲ. ಹಸಿ ಸೊಪ್ಪಿನ ನೀರು ಮೈಗೆ ಇಳಿದರೆ ಹೀಗೇ ತಲೆ ಸುತ್ತಿ ವಾಂತಿಯಾಗುತ್ತದೆ ಎಂದು ಅವ್ವನಿಗೆ ತಿಳಿಸಿ ಹೇಳಿದರು. ಅವ್ವ ದುಸುಮುಸು ಮಾಡುತ್ತ ಒಳಗೆ ಹೋದಳು. ಅತ್ತಿಗೆ ಗೋಡೆಯ ಕಡೆ ತಿರುಗಿ ಅಳತೊಡಗಿದಳು. ನರ್ಸಮ್ಮ ಅವಳ ಸೀರೆ ಬದಲಾಯಿಸಿ, ಕೈಕಾಲು ಸೋಪು ಹಾಕಿ ತೊಳೆದು, ಪಕ್ಕದಲ್ಲೇ ಕೂತು ಆ ಸಕ್ಕರೆಯನ್ನು ಚೂರುಚೂರೇ ಅವಳ ಬಾಯಿಗೆ ಹಾಕಿದರು. "ತಿನ್ನವ್ವ, ಸುಸ್ತಾಗದೆ. ಸಕ್ಕರೆ ಏನ್ ತಪ್ ಮಾಡ್ತು?"

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ, ಆಗುವುದಾದರೆ ಇವರ ಹಾಗೆ ಆಗಬೇಕು ಅನ್ನಿಸಿತು.

ಮನೆಯಲ್ಲಿ ಹೇಳಿದಾಗ ಅಪ್ಪ ಉರಿದುಬಿದ್ದ. "ಕಂಡೋರ್ ಹೇಲುಚ್ಚೆ ಬಾಚಾಕೆ ನಿನ್ನ ಸೈನ್ಸ್ ಓದುಸ್ತಿದ್ದೀನಾ?" ನಾನು ಅಳುತ್ತ ಉಪಕೇಂದ್ರಕ್ಕೆ ಹೋದೆ, ನರ್ಸಮ್ಮ ಅಪ್ಪನಿಗೆ ಬುದ್ಧಿ ಹೇಳುತ್ತಾರೆಂದು. ಅವರು ಹೇಳಿದ್ದೇ ಬೇರೆ. "ನಿಮ್ಮಪ್ಪ ಸುಳ್ಳೇನೂ ಹೇಳಿಲ್ಲ ಬುಡು. ಬಾಚ್ತೀವಿ. ದಸರಾ ರಜಾಲಿ ನಂಜೊತೆ ಮನೆಮನೆಗೆ ಬಾ. ನೋಡ್ಬುಟ್ಟು ಆಮೇಲೆ ಹೇಳು."

ಹೋದೆ. ಸ್ಕೂಟರಿನ ಹಿಂದೆ ಕೂತು ಮೂರು ದಿನ ಖುಷಿಯಾಗಿ ಸುತ್ತಿದೆ. ಬಿಪಿ ನೋಡುವುದು ಕಲಿತೆ, ಕೂಸುಗಳನ್ನು ತಕ್ಕಡಿಯಲ್ಲಿ ತೂಗಿದೆ. ನಾಲ್ಕನೆಯ ದಿನ ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಯ ಮನೆಗೆ ಹೋದೆವು. ಮಲಗಿ ಮಲಗಿ ಬೆನ್ನಲ್ಲಿ ಅಂಗೈಯಗಲ ಹುಣ್ಣಾಗಿತ್ತು. ನರ್ಸಮ್ಮ ಹುಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ್ದೇ ತಡ, ಆ ವಾಸನೆಗೆ ನಾನು ದುಪಟ್ಟಾದಿಂದ ಮೂಗು ಮುಚ್ಚಿಕೊಂಡೆ. ಅಜ್ಜಿ ಅದನ್ನು ನೋಡಿಬಿಟ್ಟಿತು. ಸೆರಗನ್ನು ಎಳೆದು ತನ್ನ ಮುಖದ ಮೇಲೆ ಹಾಕಿಕೊಂಡಿತು, ತಪ್ಪು ತನ್ನದೇ ಅನ್ನುವ ಹಾಗೆ.

ಬರುವಾಗ ನರ್ಸಮ್ಮ ಲಕ್ಷ್ಮಣತೀರ್ಥದ ಸೇತುವೆಯ ಪಕ್ಕ ಗಾಡಿ ನಿಲ್ಲಿಸಿದರು. ಬೈಯುತ್ತಾರೆಂದುಕೊಂಡೆ.

"ವಾಸ್ನೆ ನಂಗೂ ಬತ್ತದೆ ಕಣವ್ವ. ಮೂಗು ಮುಚ್ಕಬ್ಯಾಡ, ಬಾಯಲ್ಲಿ ಉಸ್ರಾಡು. ಅವ್ರಿಗೆ ಗೊತ್ತಾಗ್ಬಾರ್ದು, ಅಷ್ಟೆ."

"ನನ್ ಕೈಲಿ ಆಗಲ್ಲ ನರ್ಸಮ್ಮ."

"ಆಗ್ದಿದ್ರೆ ಬುಡು, ಬ್ಯಾರೆ ಕೆಲ್ಸ ಬೇಕಾದಷ್ಟವೆ. ಆದ್ರೆ ಇವತ್ತೇ ಹೇಳ್ಬ್ಯಾಡ. ನಾಳೆ ಅದೇ ಮನೆಗ್ ಹೋಗ್ಬೇಕು. ಬತ್ತೀಯಾ?"

ಬತ್ತೀನಿ ಅಂದೆ. ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ಜಗಲಿಯ ಹತ್ತಿರ ಸ್ಕೂಟರಿನ ಹಾರ್ನ್ ಎರಡು ಸಲ ಕೇಳಿಸಿತು. ನಾನು ಹೊದಿಕೆ ಎಳೆದುಕೊಂಡು ನಿದ್ದೆ ಬಂದವಳ ಹಾಗೆ ಬಿದ್ದುಕೊಂಡಿದ್ದೆ. ಅಜ್ಜಿ ಮುಂದಿನ ತಿಂಗಳು ತೀರಿಕೊಂಡಿತು. ನಾನು ನರ್ಸಮ್ಮನ ಕಣ್ಣು ತಪ್ಪಿಸಿಕೊಂಡು ತಿರುಗಿದೆ. ನರ್ಸಿಂಗ್ ಸುದ್ದಿ ಎತ್ತಲೇ ಇಲ್ಲ ಎಂದು ಅಪ್ಪನಿಗೆ ಸಮಾಧಾನವಾಯಿತು.

ಅವರು ನಿವೃತ್ತರಾಗಿ ಊರಿಗೆ ಹೋದ ಕೆಲವೇ ತಿಂಗಳಿಗೆ ಹೊಟ್ಟೆಯಲ್ಲಿ ಗಡ್ಡೆ ಎಂಬ ಸುದ್ದಿ ಬಂತು. ನನ್ನ ಎರಡನೇ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಅತ್ತಿಗೆಯ ಜೊತೆ ಬೆಟ್ಟದಪುರಕ್ಕೆ ಹೋದೆ. ನಡುಮನೆಯ ಮಂಚದಲ್ಲಿ ಸೊರಗಿ ಮಗುವಿನಷ್ಟಾಗಿ ಮಲಗಿದ್ದರು. ಕೋಣೆಯ ತುಂಬ ಅದೇ ವಾಸನೆ. ಅವರ ಸೊಸೆ ಒಬ್ಬಳೇ ಮಗ್ಗುಲು ಬದಲಿಸಲು ಕಷ್ಟಪಡುತ್ತಿದ್ದಳು. ನಾನು ಅಂಗೈ ಉಜ್ಜಿಕೊಂಡು ಹೋಗಿ ಬೆನ್ನಿಗೆ ಕೈ ಕೊಟ್ಟೆ. ಬಟ್ಟೆ ಬದಲಿಸಿ, ಒರೆಸಿ, ಪೌಡರ್ ಹಾಕಿದೆ. ಮೂಗು ಮುಟ್ಟಲಿಲ್ಲ.

ಅವರು ನನ್ನನ್ನೇ ನೋಡುತ್ತಿದ್ದರು. ತುಟಿಯ ಕೊನೆಯಲ್ಲಿ ಸಣ್ಣ ನಗೆ ಬಂತು.

"ಬಾಯಲ್ಲಿ ಉಸ್ರಾಡ್ತಿದ್ದೀಯ."

ನಾನು ತಲೆ ತಗ್ಗಿಸಿದೆ.

"ನಂಗೆ ಗೊತ್ತಾಗೋಯ್ತು, ಯಾಕಂದ್ರೆ ಹೇಳ್ಕೊಟ್ಟೋಳೇ ನಾನು. ಬ್ಯಾರೆಯವ್ರಿಗೆ ಗೊತ್ತಾಗಾಕಿಲ್ಲ ಬುಡು." ಕಷ್ಟಪಟ್ಟು ಉಸಿರೆಳೆದುಕೊಂಡು ಕೇಳಿದರು. "ನಾಳೆ ಬತ್ತೀಯಾ?"

"ಬತ್ತೀನಿ ನರ್ಸಮ್ಮ." ಈ ಸಲ ಹೇಳಿದ್ದು ಸುಳ್ಳಲ್ಲ.

ಅತ್ತಿಗೆ ಮನೆಗೆ ಬಂದು ಅಪ್ಪನಿಗೆ ಏನು ಹೇಳಿದಳೋ ಗೊತ್ತಿಲ್ಲ. ನಾನು ಎಂದೋ ತಂದು ಪುಸ್ತಕದೊಳಗೆ ಬಚ್ಚಿಟ್ಟಿದ್ದ ನರ್ಸಿಂಗ್ ಕಾಲೇಜಿನ ಅರ್ಜಿಗೆ ಅಪ್ಪ ಮಾರನೆಯ ಬೆಳಿಗ್ಗೆ ಸಹಿ ಹಾಕಿದ. "ಅವ್ರಿಗೆ ತೋರ್ಸು," ಎಂದಷ್ಟೇ ಹೇಳಿದ.

ಪಿರಿಯಾಪಟ್ಟಣದಲ್ಲಿ ಬಸ್ಸು ಬದಲಿಸಿ, ಬೆಟ್ಟದಪುರದಲ್ಲಿ ಇಳಿದು ಓಡಿದೆ. ಮನೆಯ ಮುಂದೆ ಜನ ನಿಂತಿದ್ದರು. ಬೆಳಗಿನ ಜಾವವೇ ಹೋಗಿಬಿಟ್ಟಿದ್ದರಂತೆ. ಅರ್ಜಿ ಬ್ಯಾಗಿನಲ್ಲೇ ಉಳಿಯಿತು. ಒಂದು ದಿನ ತಡವಾಗಿತ್ತು ಎಂದು ಊರವರು ಅಂದುಕೊಂಡರು. ತಡವಾದದ್ದು ಒಂದೂವರೆ ವರ್ಷ ಎಂದು ನನಗೆ ಗೊತ್ತಿತ್ತು. ಅಲ್ಲೇ ಕೂತು ಗಟ್ಟಿಯಾಗಿ ಅತ್ತೆ.

ಹೆಂಗಸರು ಮೀಯಿಸಲು ಬಿಸಿನೀರು ತಂದರು. ನಾನೂ ಎದ್ದೆ. "ಮದ್ವೆ ಆಗ್ದಿರೋ ಹೆಣ್ಣು, ನಿಂಗ್ಯಾಕವ್ವ," ಎಂದು ಒಬ್ಬ ಮುದುಕಿ ತಡೆದಳು. "ಬುಡಿ ಅಜ್ಜಿ, ನಮ್ಮತ್ತೆ ಬಾ ಅಂದಿದ್ರು ಇವಳ್ನ," ಅಂದಳು ಸೊಸೆ.

ಅವರು ಇನ್ನು ಒದೆಯುವುದಿಲ್ಲ ಎಂದು ಗೊತ್ತಿತ್ತು. ಆದರೂ ಮುಟ್ಟುವ ಮೊದಲು ಎರಡೂ ಅಂಗೈ ಬೆಚ್ಚಗಾಗುವವರೆಗೆ ಉಜ್ಜಿಕೊಂಡೆ.