ಹಕ್ಕಿಗಳನ್ನು ಬೈಯುತ್ತಿದ್ದ ಚಿಕ್ಕತಾಯಜ್ಜಿ

ಚಿಕ್ಕತಾಯಜ್ಜಿ ಹಕ್ಕಿಗಳನ್ನು ಬೈಯುವುದನ್ನು ಕೇಳಲೆಂದೇ ಕ್ಯಾತನಹಳ್ಳಿ ಕಡೆಯಿಂದ ಬರುವವರು ಕಾಲುವೆ ಏರಿಯ ಮೇಲೆ ಸೈಕಲ್ ನಿಲ್ಲಿಸುತ್ತಿದ್ದರು. ಜೋಳದ ಹೊಲದ ನಡುವೆ ನಾಲ್ಕು ಗೂಟದ ಅಟ್ಟಣೆ, ಅದರ ಮೇಲೆ ಸೆರಗನ್ನು ತಲೆಗೆ ಸುತ್ತಿಕೊಂಡ ಗಿಡ್ಡ ಮುದುಕಿ, ಕೈಯಲ್ಲಿ ಕವಣೆ. ಕವಣೆ ಬರೀ ಶೋಕಿಗೆ. ಅವಳು ಕಲ್ಲು ಬೀಸಿದ್ದನ್ನು ನಾನಂತೂ ಕಂಡಿಲ್ಲ. ಬಾಯೇ ಸಾಕಾಗಿತ್ತು.

“ಏನ್ಲಾ ಗಿಣಿ, ನಿನ್ನೆ ತಿಂದಿದ್ದು ಇನ್ನೂ ಅರಗ್ನಿಲ್ವಾ? ನಿಮ್ಮಪ್ಪ ಬಿತ್ತಿದ್ನಾ? ಗುಬ್ಬಿ ನೋಡ್ಕಂಡು ಕಲ್ತ್ಕೊ, ನಾಕ್ ಕಾಳು ತಿಂದು ಮರ್ವಾದೆಯಿಂದ ಓಯ್ತದೆ. ನೀನು ತೆನೇನೇ ಕಿತ್ಕಂಡು ಓಯ್ತೀಯ, ಚೇರ್ಮನ್ನು ಕಣ್ಲಾ ನೀನು.”

ಪಂಚಾಯ್ತಿ ಚೇರ್ಮನ್ನರು ಅದೇ ಏರಿಯ ಮೇಲೆ ಹೋಗುತ್ತಿದ್ದರೂ ಕೇಳಿಸದವರಂತೆ ಮುಂದೆ ಹೋಗುತ್ತಿದ್ದರು. ಹಕ್ಕಿಗೆ ಬೈದದ್ದಕ್ಕೆ ಜಗಳ ತೆಗೆದರೆ ನಗುಪಾಟಲಾಗುವವರು ಯಾರು?

ನಮ್ಮ ಹೊಲ ಅವಳ ಹೊಲದ ಪಕ್ಕದ್ದು. ನಾನಾಗ ಕಿಕ್ಕೇರಿಯಲ್ಲಿ ಮೇಷ್ಟ್ರಾಗಿದ್ದೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುತ್ತಿದ್ದೆ. ನಮ್ಮ ಸೀಮೆಯ ನಾಲಿಗೆಗೆ ಹಕಾರ ಹತ್ತುವುದಿಲ್ಲವಷ್ಟೆ, ಅವಳ ಬಾಯಲ್ಲಿ ಹಾರುವ ಹಕ್ಕಿಯೂ ಅಕ್ಕಿ, ಬೇಯುವ ಅಕ್ಕಿಯೂ ಅಕ್ಕಿ. ಮೇಷ್ಟ್ರಗಿರಿ ತೋರಿಸಲು ನಾನೊಮ್ಮೆ, “ಅಜ್ಜಿ, ಹಕ್ಕಿ ಅನ್ನು ನೋಡೋಣ” ಅಂದೆ.

“ಎಲ್ಡೂ ಒಂದೇ ಬುಡ್ಲಾ. ಆ ಅಕ್ಕಿ ಇದ್ರೆ ತಾನೆ ಈ ಅಕ್ಕಿ” ಎಂದಳು. ನಾನು ಅದನ್ನು ತಮಾಷೆಗೆ ತೆಗೆದುಕೊಂಡೆ.

ನಮ್ಮೂರು ಕಾಲುವೆಯ ಎರಡೂ ದಡದಲ್ಲಿದೆ, ಈಚೆ ಬೀದಿ, ಆಚೆ ಬೀದಿ ಎಂದು. ಒಂದು ಬೇಸಿಗೆ ಕನ್ನಂಬಾಡಿ ಕಟ್ಟೆಯ ತಳ ಕಂಡು, ಕಾಲುವೆಗೆ ಪಾಳಿಯ ಮೇಲೆ ನೀರು ಬಂತು. ಎರಡು ಬೀದಿಯವರೂ ಹೊಲದ ಮೂಲೆ ಮೂಲೆಗೆ ಕಬ್ಬು ಹಾಕಿ ಕೂತಿದ್ದರು. ತೂಬಿನ ಹತ್ತಿರ ತಲೆಗಳು ಒಡೆದವು, ಪೊಲೀಸರು ಬಂದರು. ಆಮೇಲೆ ಈಚೆ ಬೀದಿಯ ಯಜಮಾನರಾದ ಬೋರೇಗೌಡರು ಕಟ್ಟಳೆ ಹಾಕಿದರು. ಆಚೆಯವರಿಗೆ ಬೆಂಕಿ, ನೀರು, ಮಾತು ಮೂರೂ ಇಲ್ಲ. ಮಾತಾಡಿದವರನ್ನೂ ಬೀದಿಯಿಂದ ಹೊರಗಿಡುವುದು. ಆಚೆಯವರೂ ಅದನ್ನೇ ಮಾಡಿದರು. ಚಿಕ್ಕತಾಯಜ್ಜಿಯ ಒಬ್ಬಳೇ ಮಗಳು ರತ್ನಳನ್ನು ಕೊಟ್ಟಿದ್ದು ಆಚೆ ಬೀದಿಗೆ.

ಮುದುಕಿ ಅಳಲಿಲ್ಲ, ಯಾರ ಕಾಲೂ ಹಿಡಿಯಲಿಲ್ಲ. ರತ್ನ ಬಟ್ಟೆ ಒಗೆಯಲು ಆಚೆ ದಡಕ್ಕೆ ಬರುವ ಹೊತ್ತನ್ನು ನೋಡಿಕೊಂಡು ಅಟ್ಟಣೆ ಏರಿದಳು.

“ಏಯ್ ಗುಬ್ಬಿ, ಇದ್ಯಾಕಮ್ಮಿ ಇಂಗೆ ಒಣಿಕ್ಕಂಡಿದ್ದೀಯ? ಒಟ್ಟೆಗೆ ಏನಾರ ತಿಂತೀಯೋ ಇಲ್ವೋ? ಬಸ್ರಿ ಅಂತೆ, ಭಾರ ಎತ್ತಬ್ಯಾಡ. ಉಳಿ ಬೇಕಂದ್ರೆ ನಿಮ್ಮತ್ತೇನ ಕೇಳು, ನಾಚ್ಕಬ್ಯಾಡ.”

ನಾನು ಏರಿಯ ಮೇಲೆ ನಿಂತವನು ನಗಲು ಬಾಯಿ ತೆರೆದು, ಆಚೆ ದಡದಲ್ಲಿ ರತ್ನ ತಲೆ ಎತ್ತದೆ ಬಟ್ಟೆಯನ್ನು ಕಲ್ಲಿಗೆ ಬಡಿಬಡಿದು ಒಗೆಯುತ್ತಿದ್ದುದನ್ನು ಕಂಡು ಸುಮ್ಮನಾದೆ.

ಬೋರೇಗೌಡರೇನು ದಡ್ಡರಲ್ಲ. ಒಂದು ದಿನ ಕೆಳಗೆ ನಿಂತು ಕೇಳಿಯೇಬಿಟ್ಟರು. “ಏನಜ್ಜಿ, ಗುಬ್ಬಿ ಬಸ್ರಿಯಾ?”

“ಔದು ಕಣಪ್ಪ. ಅವ್ಕೇನು ಸಂಸಾರ ಇರಕಿಲ್ವಾ?”

ಅಕ್ಕಪಕ್ಕದವರು ಕಿಸಕ್ಕೆಂದರು. ಹೀಗೆ ಎರಡು ಸುಗ್ಗಿ ನಡೆಯಿತು. ಕೆಮ್ಮಿಗೆ ಕಷಾಯ, ಮಗುವಿಗೆ ದೃಷ್ಟಿ ತೆಗೆಯುವುದು, ಗಂಡನ ಕೋಪಕ್ಕೆ ಉಪಾಯ, ಎಲ್ಲವನ್ನೂ ಅವಳು ಹಕ್ಕಿಗೇ ಹೇಳಿಕೊಟ್ಟಳು. ಮೊಮ್ಮಗ ಹುಟ್ಟಿದ ಸುದ್ದಿ ಬಂದ ದಿನ ಗೀಜಗಗಳಿಗೆ ಸಿಕ್ಕಾಪಟ್ಟೆ ಬೈಗುಳ. ಆದರೆ ಆ ಮಗುವನ್ನು ಎತ್ತಿಕೊಳ್ಳುವುದು ಮಾತ್ರ ಅವಳಿಗೆ ಆಗಲಿಲ್ಲ.

ಅಷ್ಟರಲ್ಲಿ ಹಕ್ಕಿಗಳು ಕಡಿಮೆಯಾಗತೊಡಗಿದವು. ಕಬ್ಬಿಗೂ ಭತ್ತಕ್ಕೂ ಎಲ್ಲರೂ ಗುಳಿಗೆ ಔಷಧಿ ಎರಚುತ್ತಿದ್ದೆವು, ನಮ್ಮ ಮನೆಯವರೂ ಸೇರಿ. ಬದುವಿನ ಮೇಲೆ ಗೊರವಂಕಗಳು ಕಾಲು ಮೇಲೆ ಮಾಡಿ ಬಿದ್ದಿರುತ್ತಿದ್ದವು. ಹಾಳುಬಾವಿಯ ಈಚಲು ಮರದಲ್ಲಿ ಗೀಜಗದ ಗೂಡುಗಳು ಬರಿದಾಗಿ ಜೋತಾಡಿದವು. ಬೇರೆಯವರಾಗಿದ್ದರೆ ಬೆಳೆ ಉಳಿಯಿತು ಅನ್ನುತ್ತಿದ್ದರು, ಚಿಕ್ಕತಾಯಜ್ಜಿಗೆ ಜೀವವೇ ಹೋದಂತಾಯಿತು. ಹಕ್ಕಿ ಇಲ್ಲದ ಮೇಲೆ ಅಟ್ಟಣೆ ಏರಿ ಬೈಯುವುದು ಯಾರನ್ನು?

ಹಕ್ಕಿ ಓಡಿಸುವವಳು ಹಕ್ಕಿ ಕರೆಯತೊಡಗಿದಳು. ಹೊಲದ ಅಂಚಿಗೆ ಸಜ್ಜೆ ಬಿತ್ತಿದಳು. ಒಡೆದ ಮಡಕೆಗಳಲ್ಲಿ ನೀರಿಟ್ಟಳು. ಅಟ್ಟಣೆಯ ಗೂಟಕ್ಕೆ ತೆನೆ ಕಟ್ಟಿದಳು. “ಅವ್ವುಂಗೆ ತಲೆ ಕೆಟ್ಟದೆ” ಅಂದ ಅವಳ ಜೊತೆಗಿದ್ದ ಮಗ. ಒಂದೆರಡು ಗುಬ್ಬಿ ಬಂದವು, ಹೋದವು.

ಕೊನೆಯ ಸಲ ನಾನು ಅವಳನ್ನು ಕಂಡಾಗ ಆಕಾಶ ಖಾಲಿಯಾಗಿತ್ತು. ಅವಳು ಅಟ್ಟಣೆಯ ಮೇಲೆ ನಿಂತು ಬೈಯುತ್ತಲೇ ಇದ್ದಳು, ಧ್ವನಿ ಇಳಿದಿತ್ತು. ಆಚೆ ದಡದಲ್ಲಿ ರತ್ನ ಮಗುವಿನ ಮೈ ತೊಳೆಯುತ್ತಿದ್ದಳು. ಬೋರೇಗೌಡರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಎಲ್ಲವ್ವೆ ಅಕ್ಕಿ? ತೋರ್ಸಜ್ಜಿ.”

“ಇದ್ವು ಕಣಪ್ಪ. ನಿಮ್ ಔಸ್ದಿ ತಿಂದು ಓದ್ವು. ನಾನು ಬೈತಿದ್ರೆ, ಇನ್ನೂ ನಮ್ಮನ್ನ ಕೇಳೋರು ಅವ್ರೆ ಅಂತ ಒಂದಾದ್ರೂ ಬಂದಾತು. ಅದ್ಕೂ ಬ್ಯಾಡ ಅಂತೀಯಾ?”

ಗೌಡರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು. ನಾನು ಕೆಳಗಿನಿಂದ, “ಇಳಿ ಅಜ್ಜಿ, ಬಿಸಿಲು” ಎಂದೆ. “ನೀನೋಗ್ಲಾ, ಬಸ್ಸು ತಪ್ಪಿಸ್ಕಂಡೀಯ” ಎಂದಳು. ಅವಳು ನನಗೆ ಹೇಳಿದ ಕೊನೆಯ ಮಾತು ಅಷ್ಟೇ. ಈಗ ಆ ಏರಿಯ ಮೇಲೆ ನಡೆದರೆ ಎರಡು ಕಡೆಯೂ ಕಬ್ಬು, ಗಾಳಿಗೆ ಸರಸರ ಅನ್ನುತ್ತದೆ. ಮೇಲಿನಿಂದ ಯಾರಾದರೂ ನನ್ನನ್ನು ಚೆನ್ನಾಗಿ ಬೈದರೆ ಸಾಕು ಅನ್ನಿಸುತ್ತದೆ. ಬಹಳ ಆಸೆಯಾಗುತ್ತದೆ.

ಆ ವರ್ಷದ ಮಳೆಗಾಲದಲ್ಲೇ ಅವಳು ತೀರಿಕೊಂಡಳು. ಅವಳ ಹೊಲದಲ್ಲೇ, ಕಾಲುವೆಯ ಹತ್ತಿರ, ಗುಂಡಿ ತೆಗೆದೆವು. ಆಚೆ ದಡದಲ್ಲಿ ರತ್ನ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಅವಳ ಹಿಂದೆ ಆ ಬೀದಿಯ ಗಂಡಸರು. ದಾಟು ಅಂತ ಅವರೂ ಅನ್ನಲಿಲ್ಲ, ಬಾ ಅಂತ ನಾವೂ ಅನ್ನಲಿಲ್ಲ. ಮಣ್ಣು ಹಾಕುವ ಹೊತ್ತಾಯಿತು, ಯಾರೂ ಗುದ್ದಲಿ ಮುಟ್ಟಲಿಲ್ಲ. ಎಲ್ಲರೂ ಯಜಮಾನರ ಮುಖ ನೋಡುತ್ತಿದ್ದೆವು.

ಬೋರೇಗೌಡರು ಗಂಟಲು ಸರಿಮಾಡಿಕೊಂಡರು. ಆಮೇಲೆ ಕತ್ತೆತ್ತಿ, ಏನೂ ಇಲ್ಲದ ಆಕಾಶಕ್ಕೆ ಕೂಗಿ ಹೇಳಿದರು.

“ಏಯ್ ಅಕ್ಕಿ, ಅಲ್ಲೇನ್ ನಿಂತಿದ್ದೀಯಮ್ಮಿ? ಮರೀನೂ ಎತ್ಕಂಡು ಬಾ. ಒತ್ತಾಗೋಯ್ತದೆ.”

ಹೇಳಿ, ಅವಳು ದಾಟುವುದನ್ನು ತಾವು ಕಾಣಬಾರದೆಂದು ಕಾಲುವೆಗೆ ಬೆನ್ನು ಮಾಡಿ ನಿಂತರು. ಒಬ್ಬೊಬ್ಬರಾಗಿ ನಾವೂ ತಿರುಗಿ ನಿಂತೆವು. ನಮ್ಮ ಬೆನ್ನ ಹಿಂದೆ ಯಾರೋ ನೀರಿಗೆ ಇಳಿದ ಸದ್ದಾಯಿತು.